ಮೈದುನನ ರಿಪೋರ್ಟ್ ಬಗ್ಗೆ ಮಗಳಿಗೊಂದು ಪತ್ರ

ಉಡುಪಿ, ಕುಂಜಿಬೆಟ್ಟು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಪಿಸುಗುಟ್ಟಿದ್ದು ಅರ್ಧ ಕೇಳಿಸಿತು, ಅರ್ಧ ಊಹಿಸಿಕೊಂಡೆ. ಮೈದುನ ಗಲ್ಫ್ ಕೆಲಸಕ್ಕೆ ಮಾಡಿಸಿದ ಮೆಡಿಕಲ್‌ನಲ್ಲಿ ಅನ್‌ಫಿಟ್ ಆಗಿದ್ದಾನೆ, ಹೆಪಟೈಟಿಸ್ ಬಿ ಪಾಸಿಟಿವ್ ಅಂತ. ಅತ್ತೆ ಅವನಿಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದಾರೆ. ಇದನ್ನೆಲ್ಲ ಫೋನಿನಲ್ಲಿ ಪಿಸುಗುಟ್ಟಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅತ್ತೆಗೂ ಕೊಡು.

ಮೊದಲು ತಟ್ಟೆಯ ವಿಷಯ. ಲಿವರ್ ಕೆಡಿಸುವ ಈ ವೈರಸ್ ಒಟ್ಟಿಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಹರಡುವುದಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಪಟೈಟಿಸ್ ಎ ಮತ್ತು ಇ, ಅವು ಬೇರೆ. ಬಿ ಹರಡುವುದು ರಕ್ತದಿಂದ, ದೇಹ ಸಂಬಂಧದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಬೇರೆ ಮಾಡಬೇಕಾದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ದೇಹದಿಂದ ಹೊರಬಿದ್ದ ಮೇಲೂ ಈ ವೈರಸ್ ಕಡಿಮೆ ಎಂದರೆ ಒಂದು ವಾರ ಬದುಕಿರುತ್ತದೆ. ಅಣ್ಣ ತಮ್ಮ ಒಂದೇ ರೇಜರ್ ಎಳೆದುಕೊಳ್ಳುವುದು ನಮ್ಮ ಕಡೆ ಹೊಸತೇನಲ್ಲ. ಬಚ್ಚಲಲ್ಲಿ ಒಮ್ಮೆ ನೋಡು.

"ಅವನು ಕುಡಿಯುವುದೇ ಇಲ್ಲ, ಲಿವರ್‌ಗೆ ಹೇಗೆ ಬಂತು?" ಅಂತ ಅತ್ತೆ ಅಳುತ್ತಾರೆ ಅಂದೆಯಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವಾಗ ಎಷ್ಟು ತಾಯಂದಿರ ಬಾಯಲ್ಲಿ ಇದೇ ಮಾತು ಕೇಳಿದ್ದೇನೋ. ಗಂಡಸಿನ ಲಿವರ್ ಕೆಟ್ಟಿತು ಅಂದರೆ ನಮ್ಮ ಜನ ಎರಡೇ ಕಾರಣ ಹುಡುಕುತ್ತಾರೆ. ಒಂದು ಬಾಟ್ಲಿ, ಇಲ್ಲದಿದ್ದರೆ ನಡತೆ. ಈ ಹೆದರಿಕೆಗೇ ಗಂಡಸರು ರಿಪೋರ್ಟನ್ನು ಮಡಚಿ ಕಿಸೆಗೆ ಹಾಕಿಕೊಂಡು ಸುಮ್ಮನಾಗುವುದು. ವೀಸಾ ಹೋಯಿತಲ್ಲ ಅಂತ ನಾಲ್ಕು ದಿನ ಬೇಜಾರು ಮಾಡಿಕೊಂಡು, ಆಮೇಲೆ ಊರಲ್ಲೇ ಒಂದು ಕೆಲಸ ಹಿಡಿಯುತ್ತಾರೆ. ಲಿವರ್ ಮಾತ್ರ ಒಳಗೊಳಗೇ ಊದಿಕೊಳ್ಳುತ್ತಾ, ಕಲೆಗಟ್ಟುತ್ತಾ ಹೋಗುತ್ತದೆ. ಎಷ್ಟೋ ವರ್ಷ ನೋವೂ ಇಲ್ಲ, ಕಣ್ಣು ಹಳದಿಯೂ ಆಗುವುದಿಲ್ಲ.

ನಿಜ ಏನೆಂದರೆ, ದೊಡ್ಡವರಾದ ಮೇಲೆ ಈ ಸೋಂಕು ತಗುಲಿದರೆ ನೂರರಲ್ಲಿ 95 ಮಂದಿಯ ದೇಹ ಅದನ್ನು ತಾನೇ ಓಡಿಸಿಬಿಡುತ್ತದೆ. ಹುಟ್ಟುವಾಗಲೋ ಎಳೆ ಕೂಸಾಗಿದ್ದಾಗಲೋ ತಗುಲಿದರೆ ಲೆಕ್ಕ ಪೂರ್ತಿ ಉಲ್ಟಾ. ಸುಮಾರು 90 ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ನಮ್ಮ ದೇಶದಲ್ಲಿ ಸರಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ಲಸಿಕೆ ಎಲ್ಲ ಕಡೆ ಸೇರಿದ್ದು 2011ರಲ್ಲಿ. ಮೈದುನ ಹುಟ್ಟುವಾಗ ಇದನ್ನು ಹಾಕಿಸುವವರು ಯಾರಿದ್ದರು? ಹಾಗಾಗಿ ಅವನ ನಡತೆ ಹುಡುಕುವುದನ್ನು ಬಿಟ್ಟು, ಅತ್ತೆ, ಮಾವ, ನಮ್ಮ ಅಳಿಯಂದಿರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಅತ್ತೆಗೆ ಇದನ್ನು ಹೇಳುವುದು ಕಷ್ಟ, ಗೊತ್ತು. ತಟ್ಟೆ ಬೇರೆ ಇಟ್ಟವರ ರಕ್ತದಲ್ಲೇ ಅದು ಇದ್ದರೂ ಇರಬಹುದು. ಅವರ ತಪ್ಪಲ್ಲ, ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಕ್ಯಾನ್ಸರ್ ಬರುತ್ತದಾ ಅಂತ ಕೇಳಿದೆ. ಬರಲೇಬೇಕೆಂದಿಲ್ಲ, ಆದರೆ ಬೇರೆಯವರಿಗಿಂತ ಅಪಾಯ ಜಾಸ್ತಿ. ಲಿವರ್ ಕ್ಯಾನ್ಸರ್ ಹೆಂಗಸರಿಗಿಂತ ಗಂಡಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ. ಬೇರೆ ಕಾರಣಗಳಲ್ಲಿ ಸಾಮಾನ್ಯವಾಗಿ ಮೊದಲು ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ, ಆಮೇಲೆ ಗಡ್ಡೆ. ಬಿ ವೈರಸ್ ಹಾಗಲ್ಲ. ಅದು ತನ್ನ ತುಣುಕುಗಳನ್ನು ಲಿವರ್ ಜೀವಕೋಶದ ಡಿಎನ್‌ಎಗೇ ಸೇರಿಸಬಲ್ಲದು, ಹಾಗಾಗಿ ಸಿರೋಸಿಸ್ ಇಲ್ಲದೆಯೂ ಗಡ್ಡೆ ಬರಬಹುದು. ತೈವಾನ್‌ನಲ್ಲಿ 1984ರಿಂದ ಹುಟ್ಟಿದ ಮಕ್ಕಳಿಗೆ ಈ ಲಸಿಕೆ ಹಾಕುತ್ತಾ ಬಂದರು, ಮಕ್ಕಳಲ್ಲಿ ಲಿವರ್ ಕ್ಯಾನ್ಸರೇ ಕಡಿಮೆಯಾಯಿತು. ಸೂಜಿ ಚುಚ್ಚಿ ಕ್ಯಾನ್ಸರ್ ತಡೆಯಬಹುದು ಅಂತ ಜನ ಮೊದಲು ನಂಬಿದ್ದು ಈ ಲಸಿಕೆಯಿಂದ.

ಈಗ ಅವನು ಮಾಡಬೇಕಾದ್ದು. ಏಜೆಂಟನ ಮಾತು ಕೇಳಿ ಇನ್ನೊಂದು ಲ್ಯಾಬಿಗೆ ಓಡಿ ನೆಗೆಟಿವ್ ಚೀಟಿ ಹುಡುಕುವುದು ಬೇಡ. ವೈದ್ಯರನ್ನು ಕಾಣಲಿ. ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ಎಲ್‌ಎಫ್‌ಟಿ ರಕ್ತಪರೀಕ್ಷೆ, ವೈರಸ್ ಎಷ್ಟಿದೆ ಎಂದು ತೋರಿಸುವ ಡಿಎನ್‌ಎ ಟೆಸ್ಟ್, ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಆರು ತಿಂಗಳು ಕಳೆದೂ ಪಾಸಿಟಿವ್ ಇದ್ದರೆ ಅದು ದೇಹದಲ್ಲಿ ಉಳಿದುಬಿಟ್ಟ ಸೋಂಕು ಅಂತ ಲೆಕ್ಕ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಟೆನೊಫೊವಿರ್ ಉಂಟು, ದಿನಕ್ಕೊಂದು. ವೈರಸ್ಸನ್ನು ಪೂರ್ತಿ ತೊಳೆಯುವುದಿಲ್ಲ, ಆದರೆ ಚೆನ್ನಾಗಿ ಅದುಮಿ ಇಡುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ವಿಚಾರಿಸಲಿ.

ಕಾಮಾಲೆಗೆ ಕೊಡುವ ನೆಲನೆಲ್ಲಿಯ ಮಾತು ಬಂದೇ ಬರುತ್ತದೆ. ಅದನ್ನು ನಾನು ಗೇಲಿ ಮಾಡುವುದಿಲ್ಲ. 1988ರಲ್ಲಿ ಮದರಾಸಿನಲ್ಲಿ ನಡೆದ ಒಂದು ಪ್ರಯೋಗ ತುಂಬಾ ಆಸೆ ಹುಟ್ಟಿಸಿತ್ತು. ಈ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಅವರೇ ಅದರಲ್ಲಿ ಜೊತೆಗಿದ್ದರು. ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಕಾಣಲಿಲ್ಲ. ಮಜ್ಜಿಗೆಯಲ್ಲಿ ಅರೆದು ಕೊಟ್ಟು, ಡಾಕ್ಟರ್ ಬೇಡ ಅನ್ನುವುದೇ ಅಪಾಯ.

ಬರೆಯುತ್ತಾ ಕೂತಿದ್ದೇನೆ, ನಿನ್ನಪ್ಪ ಆ ಕಡೆಯಿಂದ ತೇಗುವುದು ಕೇಳುತ್ತಿದೆ. ಇವರದ್ದು ಇನ್ನೊಂದು ಕಥೆ. ವರ್ಷಗಟ್ಟಲೆಯಿಂದ "ಗ್ಯಾಸ್ಟ್ರಿಕ್" ಅಂತ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಿದ್ದಾರೆ. ಹೊಟ್ಟೆ ಹುಣ್ಣಿಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಅಂದಾಗ ಯಾರೂ ನಂಬದೆ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ಗಂಡಸರ ಹಟ ಒಮ್ಮೊಮ್ಮೆ ಉಪಯೋಗಕ್ಕೂ ಬರುತ್ತದೆ ಮಾರಾಯ್ತಿ! ಹೊಟ್ಟೆಯ ಕ್ಯಾನ್ಸರಿಗೂ ಈ ಬ್ಯಾಕ್ಟೀರಿಯಾವೇ ದೊಡ್ಡ ಕಾರಣ. ಇದು ನಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇರುತ್ತದೆ, ಹೆಚ್ಚಿನವರಿಗೆ ಕ್ಯಾನ್ಸರ್ ಆಗುವುದಿಲ್ಲ. ಆದರೂ ತೂಕ ಇಳಿದರೆ, ಮಲ ಕಪ್ಪಾದರೆ ಎಂಡೋಸ್ಕೋಪಿ ಮಾಡಿಸದೆ ಬಿಡುವುದಿಲ್ಲ ಅಂತ ಇವರಿಗೆ ಹೇಳಿ ಇಟ್ಟಿದ್ದೇನೆ.

ಪುಟ್ಟನಿಗೆ ಒಂಬತ್ತು ತುಂಬುತ್ತಾ ಬಂತಲ್ವಾ? ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸಿಗೆ ಹಾಕುವ ಎಚ್‌ಪಿವಿ ಲಸಿಕೆ ಹೆಣ್ಣುಮಕ್ಕಳದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದೇ ವೈರಸ್ ಗಂಡಸರಿಗೆ ಗಂಟಲು, ಶಿಶ್ನ, ಗುದದ ಕ್ಯಾನ್ಸರ್ ತರಬಲ್ಲದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಗಂಡುಮಕ್ಕಳಿಗೂ ಹಾಕಬಹುದು, 9ರಿಂದ 14ರೊಳಗೆ ಆದರೆ ಎರಡೇ ಡೋಸ್. ಮಕ್ಕಳ ಡಾಕ್ಟರ ಹತ್ತಿರ ಕೇಳು.

ಪರೀಕ್ಷೆಗೆ ಅಳಿಯಂದಿರನ್ನೇ ಮೊದಲು ಕಳಿಸು, ಅವರು ಹೋದರೆ ಉಳಿದವರೂ ಹೋಗುತ್ತಾರೆ. ನೆಗೆಟಿವ್ ಬಂದು, ಹಿಂದೆ ಲಸಿಕೆ ಆಗದಿದ್ದರೆ ಮೂರು ಚುಚ್ಚುಮದ್ದು: ಇವತ್ತು ಒಂದು, ತಿಂಗಳ ನಂತರ ಒಂದು, ಆರನೇ ತಿಂಗಳಿಗೆ ಒಂದು. ಹೆಪಟೈಟಿಸ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ನೀರ್‌ದೋಸೆ ತಿಂದೇ ಹೋಗಲಿ.

ನಿನ್ನ
ಅಮ್ಮ