ಕರಗಿದ ಮೇಲೆ ತಾಮ್ರ ತೆಗೆಯಲು ಆಗುವುದಿಲ್ಲ: ಗುಜರಿ ಮಾಲಿನ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಉಕ್ಕಿನ ಗುಜರಿ ಮಾರಾಟ ವಿಭಾಗ

ವಿಷಯ: ಶ್ರೆಡ್ಡರ್ (ಯಂತ್ರದಲ್ಲಿ ಚೂರು ಮಾಡಿದ) ಗುಜರಿಯಲ್ಲಿ ಮಿತಿ ಮೀರಿದ ತಾಮ್ರ, ತವರ; ಉಳಿದ ಮಾಲನ್ನು ವಾಪಸ್ ಪಡೆಯುವ ಬಗ್ಗೆ

ಮಾನ್ಯರೇ,

ನೀವು ಕೊನೆಯ ಸಲ ಕಳಿಸಿದ ಲೋಡಿನಿಂದ 20 ಟನ್ನಿನ ಒಂದು ಹೀಟ್ (ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸುವ ಉಕ್ಕು) ಕರಗಿಸಿದೆವು. ಸ್ಯಾಂಪಲ್ ಪರೀಕ್ಷೆಯಲ್ಲಿ ತಾಮ್ರ ಶೇ 0.42 ಬಂತು. ನಮ್ಮ ಆರ್ಡರಿನಲ್ಲಿ ಬರೆದ ಮಿತಿ ಶೇ 0.20. ಲೆಕ್ಕ ಹಾಕಿದರೆ, 40 ಕೆಜಿ ಮೀರಬಾರದಿದ್ದ ಕಡೆ 84 ಕೆಜಿ ತಾಮ್ರ ಇತ್ತು. ಜೊತೆಗೆ ತವರವೂ ಇತ್ತು.

ಅದೇ ದಿನ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಆಕ್ಸಿಜನ್ ಸ್ವಲ್ಪ ಜಾಸ್ತಿ ಊದಿ, ತಾಮ್ರ ಸ್ಲ್ಯಾಗ್ (ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟ) ಜೊತೆ ಹೋಗುತ್ತದೆ" ಎಂಬ ಉತ್ತರ ಸಿಕ್ಕಿತು. ಈ ಪತ್ರ ಬರೆಯಲು ಮುಖ್ಯ ಕಾರಣ ಆ ಮಾತೇ. ಗುಜರಿ ಮಾರುವವರು ಹೀಗೆ ತಿಳಿದುಕೊಂಡಿದ್ದರೆ ಮುಂದಿನ ಲೋಡೂ ಹೀಗೇ ಬರುತ್ತದೆ, ಅಲ್ವಾ?

ಸಿಲಿಕಾನ್, ಅಲ್ಯೂಮಿನಿಯಂ ಇದ್ದರೆ ಆ ಮಾತು ಸರಿ. ಅವು ಕಬ್ಬಿಣಕ್ಕಿಂತ ಮೊದಲು ಆಕ್ಸಿಜನ್ ಹಿಡಿದುಕೊಂಡು ಸ್ಲ್ಯಾಗಿಗೆ ಏರುತ್ತವೆ. ಸತು 907 ಡಿಗ್ರಿಯಲ್ಲೇ ಕುದಿದು ಹೊಗೆಯಾಗಿ ಹೋಗುತ್ತದೆ. ಅದು ನಮ್ಮ ಧೂಳಿನ ಫಿಲ್ಟರಿಗೆ ಭಾರ, ಆದರೂ ಸಹಿಸಬಹುದು. ತಾಮ್ರದ ವಿಷಯ ಹಾಗಲ್ಲ. ತಾಮ್ರ ಸುಡುವ ಮೊದಲು ಕಬ್ಬಿಣವೇ ಸುಟ್ಟು ಹೋಗುತ್ತದೆ. ಆಕ್ಸಿಜನ್ ಊದಿದಷ್ಟೂ ಕಬ್ಬಿಣ ಕಡಿಮೆಯಾಗಿ, ಉಳಿದ ಉಕ್ಕಿನಲ್ಲಿ ತಾಮ್ರದ ಪಾಲು ಏರುತ್ತದೆ. ತವರವೂ ಹೀಗೇ ಒಳಗೇ ಉಳಿಯುತ್ತದೆ.

ನಮಗಿರುವುದು ಒಂದೇ ದಾರಿ: ಅದಿರಿನಿಂದ ಮಾಡಿದ, ತಾಮ್ರವಿಲ್ಲದ ಕಬ್ಬಿಣ, ಅಂದರೆ ಸ್ಪಾಂಜ್ ಐರನ್ ಅಥವಾ ಪಿಗ್ ಐರನ್ ಬೆರೆಸುವುದು. ಆ 20 ಟನ್ನನ್ನು ಮಿತಿಯೊಳಗೆ ತರಲು ಇನ್ನೂ 22 ಟನ್ ಬೇಕಿತ್ತು. ಕುಲುಮೆ ಆಗಲೇ ತುಂಬಿತ್ತು. ಬೇರೆ ದಾರಿಯಿಲ್ಲದೆ ಬಿಲ್ಲೆಟ್ (ಉಕ್ಕಿನ ಉದ್ದ ದಿಮ್ಮಿ) ಎರಕ ಹೊಯ್ದೆವು. ಪರೀಕ್ಷೆಗೆಂದು ಕೆಲವನ್ನು ಕಾಯಿಸಿ ರೋಲ್ ಮಾಡಿದೆವು. ಮೂಲೆಗಳಲ್ಲಿ, ಮೇಲ್ಮೈಯಲ್ಲಿ ಉದ್ದಕ್ಕೂ ಬಿರುಕು ಬಿಟ್ಟವು.

ಕಾಯಿಸುವ ಕುಲುಮೆಯಲ್ಲಿ ಬಿಲ್ಲೆಟ್ಟಿನ ಮೇಲಿನ ಕಬ್ಬಿಣ ಸುಟ್ಟು ಹೊಪ್ಪಳೆಯಾಗುತ್ತದೆ. ಸುಡದ ತಾಮ್ರ ಆ ಹೊಪ್ಪಳೆಯ ಕೆಳಗೆ ಸೇರಿಕೊಳ್ಳುತ್ತದೆ. 1085 ಡಿಗ್ರಿಗೆ ಅದು ಕರಗುತ್ತದೆ. ನಾವು ರೋಲ್ ಮಾಡಲು ಕಾಯಿಸುವುದು ಅದಕ್ಕಿಂತ ಜಾಸ್ತಿ. ಕರಗಿದ ತಾಮ್ರ ಉಕ್ಕಿನ ಹರಳುಗಳ ನಡುವಿನ ಸಂದಿಗೆ ಇಳಿಯುತ್ತದೆ. ರೋಲಿನ ಒತ್ತಡ ಬಿದ್ದ ತಕ್ಷಣ ಅಲ್ಲೇ ಸೀಳುತ್ತದೆ. ತವರ ಇದ್ದರೆ ಬಿಸಿ ಕಬ್ಬಿಣ ತಾಮ್ರವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಇನ್ನೂ ಕಡಿಮೆ. ಆ ಬಿಲ್ಲೆಟ್ಟುಗಳನ್ನು ಮತ್ತೆ ಕರಗಿಸಿದರೂ ತಾಮ್ರ ಅಲ್ಲೇ ಇರುತ್ತದೆ.

ಉಳಿದ ಮಾಲನ್ನು ನೆಲಕ್ಕೆ ಹರಡಿ ಕೈಯಿಂದಲೇ ಆರಿಸಿ ನೋಡಿದೆವು. ಮೋಟಾರಿನ ಆರ್ಮೇಚರುಗಳು (ಒಳಗೆ ತಿರುಗುವ ಭಾಗ), ತಾಮ್ರದ ತಂತಿಯ ವೈಂಡಿಂಗ್ ಸಮೇತ. ಆಲ್ಟರ್ನೇಟರುಗಳು. ಬಿಚ್ಚದ ಸಣ್ಣ ಕಂಪ್ರೆಸರುಗಳು. ತವರ ಲೇಪಿಸಿದ ಡಬ್ಬಿಗಳು ಕಟ್ಟುಗಟ್ಟಲೆ. ಆರ್ಮೇಚರಿನ ನಡುವೆ ಕಬ್ಬಿಣ ಇರುವುದರಿಂದ ಅಯಸ್ಕಾಂತ ಅದನ್ನು ಒಳ್ಳೆಯ ಗುಜರಿ ಎಂದೇ ಎತ್ತುತ್ತದೆ. ಹಾಗಾಗಿ ಅಯಸ್ಕಾಂತದ ನಂತರ ಬೆಲ್ಟಿನ ಪಕ್ಕದಲ್ಲಿ ನಿಂತು ಕೈಯಿಂದ ಆರಿಸುವವರು ಇರಲೇಬೇಕು. ನಿಮ್ಮಲ್ಲಿ ಆ ಕೆಲಸ ನಿಂತಿದೆ ಎಂದು ಈ ರಾಶಿ ನೋಡಿದರೆ ಅನ್ನಿಸುತ್ತದೆ. ನಿಮ್ಮ ಹಿಂದಿನ ಲೋಡುಗಳು ಹೀಗಿರಲಿಲ್ಲ.

ಇನ್ನೊಂದು ವಿಷಯ ತುಂಬಾ ಗಂಭೀರ. ರಾಶಿಯಲ್ಲಿ ಸೀಸದ ತುಂಡುಗಳೂ ಸಿಕ್ಕಿವೆ. ಸೀಸ ಉಕ್ಕಿಗಿಂತ ಭಾರ, ಅದರಲ್ಲಿ ಬೆರೆಯುವುದೂ ಇಲ್ಲ ಎನ್ನುವಷ್ಟು ಕಡಿಮೆ. ಕುಲುಮೆಯ ತಳಕ್ಕೆ ಇಳಿದು ಇಟ್ಟಿಗೆಯ ಸಂದಿಯಲ್ಲಿ ನುಗ್ಗುತ್ತದೆ. ತಳ ತೂತಾದರೆ ಕರಗಿದ ಉಕ್ಕಿನ ಹತ್ತಿರ ನಿಂತಿರುವುದು ನಮ್ಮ ಕೆಲಸಗಾರರು. ಸೀಸದ ಹೊಗೆಯನ್ನು ಉಸಿರಾಡುವವರೂ ಅವರೇ.

ಆದ್ದರಿಂದ ಕೇಳುತ್ತಿದ್ದೇವೆ. ಅಂಗಳದಲ್ಲಿ ಉಳಿದಿರುವ ಮಾಲನ್ನು ಏಳು ದಿನದೊಳಗೆ ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಂಡು, ಆರ್ಡರಿನ ಮಿತಿಯೊಳಗಿನ ಮಾಲು ಕೊಡಿ. ಹಾಳಾದ ಹೀಟಿನ ನಷ್ಟ ತುಂಬಿಕೊಡಿ. ಮುಂದಿನ ಪ್ರತಿ ಲೋಡಿನ ಜೊತೆ, ಸ್ಯಾಂಪಲ್ ಕರಗಿಸಿ ಮಾಡಿದ ಪರೀಕ್ಷೆಯ ವರದಿ ಬರಲಿ. ಸುಮ್ನೆ ಒಂದೆರಡು ತುಂಡಿನ ಮೇಲೆ ಕೈಯಲ್ಲಿ ಹಿಡಿಯುವ ಉಪಕರಣ ಇಟ್ಟು ಬರೆದ ಅಂಕಿ ಸಾಲದು. ಅದು ಆ ತುಂಡಿನ ಮೇಲ್ಮೈಯನ್ನಷ್ಟೇ ಹೇಳುತ್ತದೆ, ಆರ್ಮೇಚರಿನ ಒಳಗಿನ ತಾಮ್ರವನ್ನಲ್ಲ.

ಆರಿಸಿಟ್ಟ ತುಂಡುಗಳನ್ನು, ಬಿರುಕು ಬಿಟ್ಟ ಬಿಲ್ಲೆಟ್ಟುಗಳನ್ನು ಹಾಗೆಯೇ ಇಟ್ಟಿದ್ದೇವೆ. ನಿಮ್ಮ ಕಡೆಯವರು ಬಂದು ಕಣ್ಣಾರೆ ನೋಡಲಿ. ಅವರ ಎದುರಿಗೇ ಮತ್ತೊಮ್ಮೆ ಸ್ಯಾಂಪಲ್ ಪರೀಕ್ಷೆ ಮಾಡಿಸಲು ನಾನು ಸಿದ್ಧ.

ಇತಿ,
ಗುಣಮಟ್ಟ ವಿಭಾಗದ ಮೇಲ್ವಿಚಾರಕ

ಲಗತ್ತು: ಸ್ಯಾಂಪಲ್ ಪರೀಕ್ಷೆಯ ವರದಿ, ಆರ್ಡರಿನ ಪ್ರತಿ, ಫೋಟೋಗಳು