ಸತ್ಯಂಗೊಂದು ಪತ್ರ: ಅಮ್ಮನ್ನ ವಲೆಟ್ಟಾಗೆ ಕರ್ಕೊಂಡು ಬರೋ ವಿಷ್ಯ

ಲೋ ಸತ್ಯ,

ನೀನು ಕಳಿಸಿದ ಎಕ್ಸೆಲ್ ಶೀಟ್ ನೋಡ್ದೆ. ಆ ಪುಟ್ಟ ದ್ವೀಪ ಮಾಲ್ಟಾದಲ್ಲಿ ಮೂರು ದಿನಕ್ಕೆ ಇಪ್ಪತ್ಮೂರು ಜಾಗ. ಹದಿನಾಲ್ಕನೇ ಸಾಲಲ್ಲಿ ಅಜೂರ್ ವಿಂಡೋ ಅಂತ ಬರ್ದಿದೀಯ, ಪಕ್ಕದಲ್ಲಿ 'ಸನ್‌ಸೆಟ್, 45 ನಿಮಿಷ' ಅಂತ ಬೇರೆ. ಮಗಾ, ಆ ಕಲ್ಲಿನ ಕಮಾನು 2017ರ ಮಾರ್ಚಲ್ಲೇ ಬಿರುಗಾಳಿಗೆ ಸಮುದ್ರಕ್ಕೆ ಬಿದ್ದೋಯ್ತು, ಈಗ ಅಲ್ಲಿಗೆ ಹೋದ್ರೆ ನಲವತ್ತೈದು ನಿಮಿಷ ಬರೀ ನೀರು ನೋಡ್ಕೊಂಡು ನಿಂತ್ಕೋಬೇಕು. ಯಾವ ಕಾಲದ ಲಿಸ್ಟ್ ನೋಡಿ ಕಾಪಿ ಹೊಡ್ದೆ? ಪಿಯುಸಿ ಲ್ಯಾಬ್ ರೆಕಾರ್ಡಲ್ಲೂ ನಿಂದು ಇದೇ ಕಥೆ, ಹಳೇ ಬ್ಯಾಚಿನ ರೀಡಿಂಗು.

ಅದಿರ್ಲಿ. ಮೆಸೇಜಿನ ಕೊನೇಲಿ, ಎಲ್ಲಾ ಆದ್ಮೇಲೆ, 'ಅಂದಹಾಗೆ ಅಮ್ಮನೂ ಬರ್ತಾರೆ' ಅಂತ ಹಾಕಿದೀಯಲ್ಲ, ಅದು ಮೊದಲನೇ ಸಾಲಲ್ಲಿ ಇರ್ಬೇಕಿತ್ತು ಕಣೋ. ಅಮ್ಮನ ಮಂಡಿ ವಿಷ್ಯ ನಂಗೊತ್ತಿಲ್ವಾ, ನಿಮ್ಮನೇಲಿ ಎಷ್ಟು ದಿನ ಊಟ ಮಾಡಿದೀನಿ. ಕೇಳಿದ್ರೆ 'ನಂಗೇನೂ ಆಗಲ್ಲ ನಡೀರೋ' ಅಂತಾರೆ, ರಾತ್ರಿ ಎಲ್ರೂ ಮಲಗಿದ್ಮೇಲೆ ಒಬ್ರೇ ಕೂತ್ಕೊಂಡು ಎಣ್ಣೆ ತಿಕ್ಕೋತಾರೆ. ಅವರನ್ನ ಕರ್ಕೊಂಡು ಒಂದೇ ದಿನ ಗೋಝೋ, ಕೊಮಿನೋ ದ್ವೀಪ, ಎಂದಿನಾ ಅನ್ನೋ ಹಳೇ ಊರು ಅಂತ ಓಡಿಸ್ತೀಯಾ? ರೋಮಲ್ಲಿ ನಾವಿಬ್ರೂ ಎರಡು ದಿನ ಹಂಗೆ ಓಡಿದ್ವಲ್ಲ, ಈಗ ನಂಗೆ ನೆನಪಿರೋದು ಕಾಲಿನ ಬೊಬ್ಬೆ ಮಾತ್ರ.

ಅದಕ್ಕೆ ನಾನು ಹೇಳೋದು ಇಷ್ಟೇ, ಮೂರೂ ದಿನ ವಲೆಟ್ಟಾ ಬಿಟ್ಟು ಕದಲೋದು ಬೇಡ, ಹೆಚ್ಚು ಅಂದ್ರೆ ದೋಣೀಲಿ ಎದುರು ದಡಕ್ಕೆ ಹೋಗಿ ಬರೋದು. 'ಒಂದೇ ಊರಲ್ಲಿ ಮೂರು ದಿನ ಏನ್ ಮಾಡೋದೋ' ಅಂತ ನೀನು ಕೇಳೇ ಕೇಳ್ತೀಯ. ಊರು ಅಂದ್ರೆ ಎಷ್ಟು ದೊಡ್ಡದು ಅಂದ್ಕೊಂಡಿದೀಯ, 0.61 ಚದರ ಕಿಲೋಮೀಟರ್, ನಮ್ಮ ಲಾಲ್‌ಬಾಗ್ 240 ಎಕರೆ ಇದ್ಯಲ್ಲ, ಮಾಲ್ಟಾದ ಈ ರಾಜಧಾನಿ ಅದಕ್ಕಿಂತ ಚಿಕ್ಕದು, ಸುಮಾರು 150 ಎಕರೆ. ಯುರೋಪಿಯನ್ ಯೂನಿಯನ್ನಲ್ಲೇ ಅತಿ ಪುಟ್ಟ ರಾಜಧಾನಿ, ಐದಾರು ಸಾವಿರ ಜನ ಇರ್ತಾರೆ ಅಷ್ಟೇ. ಆದ್ರೆ ಪ್ರತಿ ಮೂಲೇಲೂ ಏನೋ ಒಂದು ಇರುತ್ತೆ, ಒಂದು ವಿಗ್ರಹ, ಒಂದು ಚರ್ಚು, ಮುಚ್ಚಿದ ಮರದ ಬಾಲ್ಕನಿ ಹಸಿರು ಬಣ್ಣದ್ದು, ಅದರ ಕಿಟಕೀಲಿ ಬೆಕ್ಕು.

ತೊಂದ್ರೆ ಇರೋದು ಮೆಟ್ಲಲ್ಲಿ. ಅದಕ್ಕೊಂದು ಕಾರಣ ಇದೆ ಕೇಳು. 1565ರಲ್ಲಿ ಆಟೋಮನ್ ತುರ್ಕರು ಬಂದು ಮಾಲ್ಟಾನ ಮುತ್ತಿಗೆ ಹಾಕಿದ್ರು, ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಆಗ ದ್ವೀಪ ಆಳ್ತಿದ್ದ ಸೇಂಟ್ ಜಾನ್ ನೈಟ್‌ಗಳು, ಅಂದ್ರೆ ಕ್ರಿಶ್ಚಿಯನ್ ಯೋಧರ ಸಂಘದವ್ರು, ಹೆಂಗೋ ಉಳ್ಕೊಂಡ್ರು. ಮುಂದಿನ ವರ್ಷನೇ, 1566ರ ಮಾರ್ಚ್ 28ಕ್ಕೆ, ಅವರ ಮುಖ್ಯಸ್ಥ ಲಾ ವ್ಯಾಲೆಟ್ ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಅಡಿಗಲ್ಲು ಹಾಕಿಸ್ದ. ಪೋಪು ಕಳಿಸಿದ ಲಪರೆಲ್ಲಿ ಅನ್ನೋ ಎಂಜಿನಿಯರ್ರು ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಬೀದಿ ಹಾಕ್ದ. ಗುಡ್ಡ ಪೂರ್ತಿ ಕಡಿದು ಮಟ್ಟ ಮಾಡ್ಬೇಕು ಅಂತಿತ್ತಂತೆ, ಆದ್ರೆ ತುರ್ಕರು ಮತ್ತೆ ಬಂದ್ಬಿಟ್ರೆ ಅನ್ನೋ ಭಯ, ಟೈಮಿಲ್ಲ, ದುಡ್ಡಿಲ್ಲ, ಹಂಗಾಗಿ ಗುಡ್ಡ ಗುಡ್ಡವಾಗೇ ಉಳೀತು, ಗೆರೆಗಳು ನೇರವಾಗೇ ಇಳಿದ್ವು, ಅಡ್ಡ ಬೀದಿ ಅಂದ್ರೆ ಅರ್ಧ ಮೆಟ್ಲು. ಇನ್ನೊಂದು, ಆ ದ್ವೀಪದಲ್ಲಿ ನದಿ ಅನ್ನೋದೇ ಇಲ್ಲ, ಅದಕ್ಕೆ ಮನೆ ಕಟ್ಟೋವ್ರು ಅಡೀಲಿ ಮಳೆನೀರಿನ ತೊಟ್ಟಿ ತೋಡ್ಲೇಬೇಕು ಅಂತ ಆ ಕಾಲಕ್ಕೇ ರೂಲ್ಸ್ ಮಾಡಿದ್ರು. ಬೆಂಗಳೂರಲ್ಲಿ ಮಳೆಕೊಯ್ಲು ಕಡ್ಡಾಯ ಆಗಿದ್ದು 2009ರಲ್ಲಿ, ಆಮೇಲೂ ನಿಮ್ಮಪ್ಪ ಡ್ರಮ್ ಇಟ್ಟು ಫೋಟೋ ತೆಗ್ದು ಕೊಟ್ಟಿದ್ರು.

ಈಗ ಇದ್ರಿಂದ ನಿಂಗೆ ಆಗ್ಬೇಕಾದ ಉಪಯೋಗ ಏನಂದ್ರೆ, ಗುಡ್ಡದ ನೆತ್ತಿ ಮೇಲೆ ಉದ್ದಕ್ಕೆ ಹೋಗೋ ಬೀದಿಗಳು ಎರಡು, ರಿಪಬ್ಲಿಕ್ ಸ್ಟ್ರೀಟು, ಪಕ್ಕದಲ್ಲಿ ಮರ್ಚೆಂಟ್ಸ್ ಸ್ಟ್ರೀಟು. ಇವೆರಡರಲ್ಲಿ ನಡ್ಕೊಂಡಿದ್ರೆ ಅಮ್ಮಂಗೆ ಕಷ್ಟ ಇಲ್ಲ, ಸೇಂಟ್ ಎಲ್ಮೋ ಕೋಟೆ ಕಡೆ ಸ್ವಲ್ಪ ಇಳಿಜಾರು ಅಷ್ಟೇ. ರೂಮು ಈ ಎರಡು ಬೀದಿಗೆ ಅಂಟ್ಕೊಂಡೇ ಇರ್ಬೇಕು, ಲಿಫ್ಟ್ ಇರ್ಬೇಕು, ಲಿಫ್ಟ್ ಇದ್ಯಾ ಅಂತ ಮೆಸೇಜ್ ಹಾಕಿ ಕೇಳ್ಬೇಕು. ನಾನು ಹೋದ್ಸಲ ಕೇಳ್ಲಿಲ್ಲ. ಫೋಟೋದಲ್ಲಿ ಬಾಲ್ಕನಿ, ಸಮುದ್ರ, ಎಲ್ಲಾ ಸೂಪರ್. ಹೋಗಿ ನೋಡಿದ್ರೆ ನಾಲ್ಕನೇ ಮಹಡಿ, ಸುರುಳಿ ಮೆಟ್ಲು, ಎಷ್ಟು ಕಿರಿದು ಅಂದ್ರೆ ಸೂಟ್‌ಕೇಸ್ ಎದೆಗೆ ಅಪ್ಕೊಂಡು ಮಗು ಎತ್ಕೊಂಡಂಗೆ ಹತ್ತಿದೀನಿ. ಓನರ್‌ಗೆ ಕೇಳಿದ್ರೆ 'ಹಳೇ ಮನೆ ಸಾರ್, ಅದೇ ಚಾರ್ಮ್' ಅನ್ನೋ ಥರ ಉತ್ರ ಕೊಟ್ಟ. ಚಾರ್ಮ್ ಅಂತೆ.

ವೀಸಾ ತಲೆನೋವು ಇಲ್ಲ, ಅಮ್ಮಂದು ಷೆಂಗೆನ್ನೇ ಅಲ್ವಾ, ಯುರೋಪಿನ ಸುಮಾರು ದೇಶಕ್ಕೆ ಒಂದೇ ವೀಸಾ, ಮಾಲ್ಟಾನೂ ಅದರೊಳಗೇ ಬರುತ್ತೆ. ಡೇಟ್ ಮಾತ್ರ ದಾಟಿರ್ಬಾರ್ದು, ಅವರ ಸ್ಟಿಕ್ಕರ್‌ ಮೇಲೆ ಎಷ್ಟು ದಿನ ಅಂತ ಇದೆ ಒಂದ್ಸಲ ಎಣಿಸು. ನೀನು ಐಂಡ್‌ಹೋವನ್‌ನಿಂದ, ನಾನು ಮ್ಯೂನಿಕ್ಕಿಂದ, ಇಬ್ರೂ ಗುರುವಾರ ಮಧ್ಯಾಹ್ನದೊಳಗೆ ಇಳಿಯೋ ಹಂಗೆ ನೋಡೋಣ. ಏರ್‌ಪೋರ್ಟಿಂದ ಎಕ್ಸ್ 4 ಬಸ್ಸು ನೇರ ವಲೆಟ್ಟಾ ಬಾಗ್ಲಿಗೆ ತಂದು ಬಿಡುತ್ತೆ, ಟ್ರೈಟನ್ ಕಾರಂಜಿ ಹತ್ರನೇ ಬಸ್‌ಸ್ಟ್ಯಾಂಡು. ಅಲ್ಲಿಂದ ಊರೊಳಗೆ ನಡ್ಕೊಂಡೇ ಹೋಗೋದು. ಬಾಗ್ಲು ದಾಟ್ತಿದ್ದಂಗೆ ಬಲಗಡೆ ರೆಂಜೋ ಪಿಯಾನೋ ಅನ್ನೋ ಆರ್ಕಿಟೆಕ್ಟ್ ಕಟ್ಟಿದ ಪಾರ್ಲಿಮೆಂಟು, ಅದರ ಪಕ್ಕ ಬರೀ ಕಂಬಗಳು ನಿಂತಿರೋ ಒಂದು ಜಾಗ. ಅದು ಒಪೆರಾ ಹೌಸ್ ಆಗಿತ್ತು, 1942ರ ಏಪ್ರಿಲಲ್ಲಿ ಬಾಂಬ್ ಬಿತ್ತು, ಎಪ್ಪತ್ತು ವರ್ಷ ಹಂಗೇ ಬಿಟ್ಟಿದ್ರು, ಆಮೇಲೆ ಪಿಯಾನೋ ಅದನ್ನ ಮತ್ತೆ ಕಟ್ಟದೇನೇ, ಕಂಬಗಳ ಮಧ್ಯೆ ಬಯಲು ರಂಗಮಂದಿರ ಮಾಡ್ದ. ಊರಲ್ಲಿ ಸುಮಾರು ಜನಕ್ಕೆ ಇಷ್ಟ ಆಗ್ಲಿಲ್ಲ. ನಂಗೆ ಇಷ್ಟ ಆಯ್ತು.

ಶುಕ್ರವಾರ ಬೆಳಿಗ್ಗೆ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಅನ್ನೋ ಚರ್ಚು. ಭಾನುವಾರ ಟೂರಿಸ್ಟ್‌ಗಳನ್ನ ಬಿಡಲ್ಲ, ಅದಕ್ಕೇ ಶುಕ್ರವಾರ ಅಂದಿದ್ದು. ಹೊರಗಿಂದ ನೋಡಿದ್ರೆ 'ಇದೇನೋ ಗೋಡೌನ್ ಥರ ಇದೆ' ಅಂತೀಯ, ಒಳಗೆ ಕಾಲಿಟ್ರೆ ಗೋಡೆ ಕಾಣಲ್ಲ, ಬರೀ ಚಿನ್ನದ ಬಣ್ಣದ ಕೆತ್ತನೆ. ಒಂದ್ ವಿಷ್ಯ ಅಮ್ಮಂಗೆ ಮೊದ್ಲೇ ಹೇಳಿರು. ನೆಲ ಪೂರ್ತಿ ಗೋರಿಗಳು, ಸುಮಾರು 400, ಬಣ್ಣಬಣ್ಣದ ಅಮೃತಶಿಲೇಲಿ ಅಸ್ಥಿಪಂಜರ, ತಲೆಬುರುಡೆ ಎಲ್ಲಾ ಕೂರ್ಸಿ ಮಾಡಿದಾರೆ. ಅದರ ಮೇಲೇ ನಡೀಬೇಕು. ಅಮ್ಮ 'ಅಯ್ಯೋ ಗೋರಿ ಮೇಲೆ ಕಾಲಿಡೋದೇನೋ' ಅಂತ ಬಾಗ್ಲಲ್ಲೇ ನಿಂತ್ರೆ ಆಶ್ಚರ್ಯ ಇಲ್ಲ, ನಂಗೇ ಮೊದ್ಲ ಎರಡು ನಿಮಿಷ ಹೆಜ್ಜೆ ಎಲ್ಲಿಡ್ಲಿ ಅಂತ ಆಗಿತ್ತು.

ಅಲ್ಲಿ ಪಕ್ಕದ ಒಂದು ಹಾಲಲ್ಲಿ ಇಟಲಿಯ ಪೇಂಟರ್ ಕರವಾಜ್ಜೋ ಬರ್ದಿರೋ ಪೇಂಟಿಂಗ್ ಇದೆ, ಸಂತ ಜಾನ್‌ನ ತಲೆ ಕಡಿಯೋದು. ನನ್ನ ಕೇಳಿದ್ರೆ ಇಡೀ ಟ್ರಿಪ್ಪು ಇದೊಂದಕ್ಕೇ ಮಾಡ್ಬೋದು. ಹದಿನೇಳು ಅಡಿ ಅಗಲ, ಹನ್ನೆರಡು ಅಡಿ ಎತ್ತರ. ಈ ಮನುಷ್ಯ ರೋಮಲ್ಲಿ 1606ರಲ್ಲಿ ಜಗಳದಲ್ಲಿ ಒಬ್ಬನ್ನ ಕೊಂದು ಓಡಿಬಂದವ್ನು, ಮಾಲ್ಟಾಗೆ ಬಂದು ನೈಟ್ ಆದ, 1608ರಲ್ಲಿ ಇದನ್ನ ಬರ್ದ. ಕಟುಕ ಕತ್ತಿಯಿಂದ ಒಂದೇಟು ಹಾಕಿ ಆಗಿದೆ, ತಲೆ ಪೂರ್ತಿ ಬಂದಿಲ್ಲ, ಅದಕ್ಕೆ ಬೆನ್ನ ಹಿಂದೆ ಸೊಂಟದ ಚಾಕು ಕಡೆ ಕೈ ಹೋಗ್ತಿದೆ, ಒಬ್ಳು ಹುಡುಗಿ ಬುಟ್ಟಿ ಹಿಡಿಯೋ ಹಂಗೆ ಬಗ್ಗಿ ತಟ್ಟೆ ಹಿಡಿದಿದಾಳೆ, ಒಬ್ಳು ಮುದುಕಿ ಮಾತ್ರ ತಲೆ ಮೇಲೆ ಕೈ ಹೊತ್ಕೊಂಡಿದಾಳೆ, ಬಲಗಡೆ ಕಂಬಿ ಹಿಂದೆ ಇಬ್ರು ಕೈದಿಗಳು ಇಣುಕ್ತಿದಾರೆ. ಮಿಕ್ಕಿದ್ದೆಲ್ಲ ಖಾಲಿ ಗೋಡೆ, ಕತ್ತಲು. ಕೆಳಗೆ ಹರಿದಿರೋ ರಕ್ತ ಇದ್ಯಲ್ಲ, ಅದರಲ್ಲೇ ತನ್ನ ಹೆಸರು ಬರ್ದಿದಾನೆ, ಅವನು ಸಹಿ ಹಾಕಿರೋ ಒಂದೇ ಚಿತ್ರ ಅದು. ಆಮೇಲೆ ಏನಾಯ್ತು ಗೊತ್ತಾ, ಅಲ್ಲೂ ಜಗಳ ಮಾಡ್ಕೊಂಡ, ಎದುರು ದಡದ ಸೇಂಟ್ ಆಂಜೆಲೋ ಕೋಟೇಲಿ ಕೂಡಿ ಹಾಕಿದ್ರು, ಅಲ್ಲಿಂದ ಪರಾರಿ. ಅದೇ ವರ್ಷ ಡಿಸೆಂಬರ್ 1ಕ್ಕೆ ನೈಟ್‌ಗಳು ಸಭೆ ಸೇರಿ 'ಕೊಳೆತು ನಾರೋ ಅಂಗ' ಅಂತ ಹೇಳಿ ಅವನನ್ನ ಸಂಘದಿಂದ ಕಿತ್ತಾಕಿದ್ರು, ಎಲ್ಲಿ ಅಂದ್ರೆ ಇದೇ ಹಾಲಲ್ಲಿ, ಇದೇ ಚಿತ್ರದ ಮುಂದೆ. ಅಲ್ಲಿ ಕೂರೋಕೆ ಜಾಗ ಇದೆ, ಅಮ್ಮ ಕೂತ್ಕೋಲಿ, ಅರ್ಧ ಗಂಟೆ ಯಾರೂ ಅವಸರ ಮಾಡ್ಬಾರ್ದು. ನೀನು ಶೀಟಲ್ಲಿ ಈ ಚರ್ಚಿಗೆ 20 ನಿಮಿಷ ಕೊಟ್ಟಿದೀಯ, ನಾಚ್ಕೆ ಆಗ್ಬೇಕು ನಿಂಗೆ.

ಹೊರಗೆ ಬಂದ್ರೆ ಮರ್ಚೆಂಟ್ಸ್ ಸ್ಟ್ರೀಟಲ್ಲಿ ಪಲಾಝೋ ಪರೀಸಿಯೋ ಅಂತ ಒಂದು ಬಂಗ್ಲೆ, ಈಗ ಅವರ ವಿದೇಶಾಂಗ ಸಚಿವಾಲಯ. ನಿಮ್ಮದು ಶ್ರೀರಂಗಪಟ್ಟಣ ಅಲ್ವಾ, ಅದಕ್ಕೆ ಹೇಳ್ತಿರೋದು, 1798ರ ಜೂನಲ್ಲಿ ನೆಪೋಲಿಯನ್ ಈಜಿಪ್ಟ್ ಕಡೆ ಹೋಗ್ತಾ ದಾರೀಲಿ ಮಾಲ್ಟಾನ ಕಿತ್ಕೊಂಡು ಈ ಮನೇಲಿ ಐದಾರು ದಿನ ಉಳ್ಕೊಂಡಿದ್ದ, ಅಷ್ಟರಲ್ಲೇ ದ್ವೀಪದ ಕಾನೂನೆಲ್ಲ ಬದಲಾಯಿಸಿ ಹಾಕ್ದ. ಏಳು ತಿಂಗಳಾದ್ಮೇಲೆ, 1799ರ ಜನವರೀಲಿ, ಇದೇ ಆಸಾಮಿ ಕೈರೋದಿಂದ ಟಿಪ್ಪುಗೆ ಪತ್ರ ಬರ್ದಿದ್ದು, ದೊಡ್ಡ ಸೈನ್ಯ ತಂದಿದೀನಿ, ಇಂಗ್ಲಿಷರ ಕೈಯಿಂದ ಬಿಡಿಸ್ತೀನಿ ಅಂತ. ಪತ್ರ ಇಂಗ್ಲಿಷರ ಕೈಗೇ ಸಿಕ್ತು. ಮೇ 4ಕ್ಕೆ ನಿಮ್ಮೂರ ಕೋಟೆ ಬಿತ್ತು. ಆ ಬಾಗ್ಲ ಮುಂದೆ ನಾನು ಒಬ್ನೇ ನಿಂತಾಗ ಪಕ್ಕದಲ್ಲಿ ಯಾರಾದ್ರೂ ನಮ್ಮ ಕಡೆಯವ್ರು ಇರ್ಬೇಕಿತ್ತು ಅನ್ನಿಸಿತ್ತು, ಯಾರಿಗೆ ಹೇಳೋದು ಇದನ್ನ.

ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಅಪ್ಪರ್ ಬರಾಕ್ಕಾ ತೋಟದಲ್ಲಿ ಇರ್ಬೇಕು. ಕೆಳಗೆ ಗ್ರ್ಯಾಂಡ್ ಹಾರ್ಬರ್, ಎದುರಿಗೆ ಮೂರು ಹಳೇ ಊರು, ಅಲ್ಲಿ ಸರಿಯಾಗಿ ಹನ್ನೆರಡಕ್ಕೆ ಮತ್ತೆ ಸಂಜೆ ನಾಲ್ಕಕ್ಕೆ ಫಿರಂಗಿ ಹಾರಿಸ್ತಾರೆ. ಹಿಂದೆ ಹಡಗಿನವ್ರು ಅದನ್ನ ಕೇಳಿ ಗಡಿಯಾರ ಸರಿ ಮಾಡ್ಕೊಳ್ತಿದ್ರಂತೆ. ಅಮ್ಮಂಗೆ ಹೇಳಿ ನಿಲ್ಸು, ಹೇಳ್ದೆ ಇದ್ರೆ ಎದೆ ಹೊಡ್ಕೊಂಡ್ಬಿಡುತ್ತೆ. ಆ ತೋಟದಿಂದ ನೀರಿನ ಮಟ್ಟಕ್ಕೆ ಇಳಿಯೋಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ಇದೇ ಕಣೋ ನಮ್ಮ ಪ್ಲಾನಿನ ಬೆನ್ನೆಲುಬು, ಒಂದೂ ಮೆಟ್ಲಿಳೀದೆ ಕೆಳಗೆ ಹೋಗಿ ದೋಣಿ ಹತ್ತಬೋದು. ಶನಿವಾರ ಹಂಗೇ ಬಿರ್ಗುಗೆ. ವಲೆಟ್ಟಾ ಹುಟ್ಟೋಕೆ ಮುಂಚೆ ನೈಟ್‌ಗಳು ಇದ್ದ ಊರು ಅದು, ಅಂಗಡಿ ಗದ್ದಲ ಕಮ್ಮಿ, ಓಣಿ ತುಂಬ ಹೂವಿನ ಕುಂಡ. ಪಕ್ಕದ ಸೆಂಗ್ಲಿಯಾದ ತುದೀಲಿ ಒಂದು ಕಾವಲು ಗೋಪುರ, ಅದರ ಮೇಲೆ ಕಲ್ಲಲ್ಲಿ ಒಂದು ಕಣ್ಣು, ಒಂದು ಕಿವಿ ಕೆತ್ತಿದಾರೆ, ಅಪಾರ್ಟ್‌ಮೆಂಟ್ ಸೆಕ್ಯೂರಿಟಿಗೆ ತೋರಿಸ್ಬೇಕು.

ಹೈಪೋಜಿಯಂ ಆಸೆ ಬಿಟ್ಬಿಡು. ಐದು ಸಾವಿರ ವರ್ಷ ಹಳೇ ನೆಲಮಾಳಿಗೆ ಸ್ಮಶಾನ, ದಿನಕ್ಕೆ 80 ಜನರನ್ನ ಮಾತ್ರ ಬಿಡ್ತಾರೆ, ತಿಂಗಳುಗಳ ಮುಂಚೆ ಬುಕ್ ಮಾಡ್ಬೇಕು. ಆದ್ರೆ ಅಲ್ಲಿ ಸಿಕ್ಕಿದ 'ಮಲಗಿರೋ ಹೆಂಗಸು' ಬೊಂಬೆ ರಿಪಬ್ಲಿಕ್ ಸ್ಟ್ರೀಟಿನ ಮ್ಯೂಸಿಯಮ್ಮಲ್ಲೇ ಇದೆ. ಅಂಗೈಯಷ್ಟೇ ಉದ್ದ, 12 ಸೆಂಟಿಮೀಟರು, ತೋಳಿನ ಮೇಲೆ ತಲೆ ಇಟ್ಟು ಒಂದು ಮಗ್ಗುಲಾಗಿ ಮಲಗಿದಾಳೆ, ದಪ್ಪ ತೊಡೆ, ನೆರಿಗೆ ನೆರಿಗೆ ಲಂಗ. ಮಧ್ಯಾಹ್ನ ಊಟ ಆದ್ಮೇಲೆ ನಮ್ಮಜ್ಜಿ ಹಜಾರದಲ್ಲಿ ಹಿಂಗೇ ಮಲಗ್ತಿದ್ರು.

ಊಟದ ಬಗ್ಗೆ ಅಮ್ಮ ಕೇಳೇ ಕೇಳ್ತಾರೆ. ಅಲ್ಲಿಯವ್ರ ಹೆಮ್ಮೆ ಮೊಲದ ಸಾರು, ಅದು ನಮಗೆ ಬೇಡ. ಪಸ್ತಿಝಿ ಅಂತ ಸಿಗುತ್ತೆ, ನಮ್ಮ ಅಯ್ಯಂಗಾರ್ ಬೇಕರಿ ಪಫ್ಸ್‌ನ ಅಣ್ಣ ಅನ್ಕೋ, ಒಳಗೆ ಒಂದೋ ರಿಕೊಟ್ಟಾ ಚೀಸು, ಇಲ್ಲ ಬಟಾಣಿ. ಬಟಾಣೀದಕ್ಕೆ ಕೆಲವ್ರು ಕರಿ ಪೌಡರ್ ಬೇರೆ ಹಾಕ್ತಾರೆ, ಹಂಗಾಗಿ ಬಾಯಿಗೆ ಹೊಸದು ಅನ್ಸಲ್ಲ. ಆದ್ರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕೋ ಕಡೆನೂ ಇದೆ, ಅಮ್ಮಂಗೆ ಕೊಡೋ ಮುಂಚೆ ಕೇಳು, ಮುಜುಗರ ಪಡ್ಬೇಡ. ಟೊಮೇಟೊ ತಿಕ್ಕಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ಡು ಅವರಿಗೆ ಸೇರುತ್ತೆ. ಖರ್ಜೂರ ತುಂಬಿ ಕರಿದಿರೋ ಇಮ್‌ಅರೆತ್ ಊರ ಬಾಗ್ಲ ಹತ್ರನೇ ಬಿಸಿಬಿಸಿ ಸಿಗುತ್ತೆ, ಅದನ್ನ ತಿಂದ್ರೆ ನೆನಪಾಗೋದು ಕರ್ಜಿಕಾಯಿ. ನಾವು ಹೋಗೋ ಹೊತ್ಗೆ ಅವರ ಉಪವಾಸದ ತಿಂಗಳು ನಡೀತಿರುತ್ತೆ, ಕ್ವರೆಝಿಮಾಲ್ ಅಂತ ಬಾದಾಮಿ ಬಿಸ್ಕೆಟ್ಟು ಬರುತ್ತೆ, ಮೊಟ್ಟೆ ಕೊಬ್ಬು ಏನೂ ಹಾಕದೆ ಮಾಡೋದು ಅದರ ಪದ್ಧತಿ. ತಮಾಷೆ ಏನಂದ್ರೆ ಅಪ್ಪಟ ಕ್ರಿಶ್ಚಿಯನ್ ದೇಶ, ಆದ್ರೆ ಭಾಷೆ ಅರಬ್ಬೀ ಬುಡದ್ದು, ಬರೆಯೋದು ಇಂಗ್ಲಿಷ್ ಥರದ ಅಕ್ಷರದಲ್ಲಿ, ದೇವರಿಗೆ 'ಅಲ್ಲಾ' ಅಂತಾರೆ, ಈಸ್ಟರ್ ಉಪವಾಸಕ್ಕೆ 'ರಂದಾನ್' ಅಂತಾರೆ. ಚರ್ಚಿನ ಮುಂದೆ ಇಬ್ರು ಅಜ್ಜೀರು ಮಾತಾಡ್ತಿದ್ರೆ ಸುಮ್ನೆ ಕೇಳ್ತಾ ನಿಂತಿರ್ಬೋದು, ಮಧ್ಯೆ ಮಧ್ಯೆ ಇಟಾಲಿಯನ್ ಬಂದು ಹೋಗುತ್ತೆ, ಕೊನೇಗೆ 'ಗ್ರಾಟ್ಸಿ'.

ಮಾರ್ಸಶ್ಲೊಕ್ ಭಾನುವಾರದ ಮೀನು ಸಂತೆ ಅಂತ ಒಂಬತ್ತನೇ ಸಾಲಲ್ಲಿದೆ. ಮೀನಿನ ವಾಸನೆಗೆ ಅಮ್ಮ ಬಸ್ಸಿಂದ್ಲೇ ಇಳಿಯಲ್ಲ. ಹೊಡ್ದಾಕು.

ಯುಗಾದಿ ಮುಗಿಸ್ಕೊಂಡು ಅದರ ಮುಂದಿನ ವಾರ ಬನ್ನಿ, ಗುರುವಾರದಿಂದ ಭಾನುವಾರ. ಆಗ ಬಿಸಿಲು ಹಿತವಾಗಿರುತ್ತೆ, ಸಮುದ್ರ ಮಾತ್ರ ತಣ್ಣಗೆ, ಸ್ವಿಮ್ಮಿಂಗ್ ಚಡ್ಡಿ ತರ್ಬೇಡ. ಗಾಳಿ ಜೋರು, ಅಮ್ಮಂಗೆ ತಲೆಗೆ ಸುತ್ಕೊಳ್ಳೋಕೆ ಏನಾದ್ರೂ ಇರ್ಲಿ. ಅಲ್ಲಿ ಪ್ಲಗ್ಗು ಬ್ರಿಟಿಷ್ ಮೂರು ಪಿನ್ನಿಂದು, ನನ್ನತ್ರ ಅಡಾಪ್ಟರ್ ಒಂದೇ ಇದೆ, ನೀನೊಂದು ತಗೊಂಡು ಬಾ. ರಸ್ತೆ ದಾಟೋವಾಗ ನಮ್ಮೂರ ಥರನೇ, ಗಾಡಿ ಎಡಗಡೆ ಓಡುತ್ತೆ, ನಾಲ್ಕು ವರ್ಷ ಹಾಲೆಂಡಲ್ಲಿದ್ದು ನಿನ್ನ ತಲೆ ಉಲ್ಟಾ ಆಗಿರುತ್ತೆ, ಅಮ್ಮನ ಕೈ ಹಿಡ್ಕೊಂಡು ದಾಟು, ಅವರು ಸರಿಯಾದ ಕಡೆ ನೋಡ್ತಾರೆ.

ಆಮೇಲೆ ಅಮ್ಮನ ಚಪ್ಪಲಿ. ಅಲ್ಲಿನ ಸುಣ್ಣಕಲ್ಲು ಜನ ತುಳಿದೂ ತುಳಿದೂ ಗಾಜಿನ ಥರ ನುಣುಪಾಗಿದೆ, ಮಳೆ ಹನಿ ಬಿದ್ರೆ ಜಾರುತ್ತೆ. ನೀನು ಹೋದ್ವರ್ಷ ಕೊಡ್ಸಿದ ಶೂ ಮೈಸೂರಲ್ಲೇ ಬೀರು ಮೇಲೆ ಡಬ್ಬದಲ್ಲಿದ್ಯೋ, ಇಲ್ಲ ಹಾಕ್ಕೊಂಡು ಬಂದಿದಾರೋ? ಇವತ್ತು ರಾತ್ರಿ ಕೇಳಿ ಹೇಳು, ಟಿಕೆಟ್ ಆಮೇಲೆ ನೋಡೋಣ.

ನಿನ್ನ,
ರಘು