ಹೆಸರುಗಳಿಗೇಕೆ ಕತ್ತರಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ವಾಹಿನಿಯೊಂದರಲ್ಲಿ ಆರ್.ಕೆ. ನಾರಾಯಣರ ಕಥೆಗಳ ಹಳೆಯ ಧಾರಾವಾಹಿ ‘ಮಾಲ್ಗುಡಿ ಡೇಸ್’ ಮರುಪ್ರಸಾರವಿದೆ ಎಂದು ತಿಳಿದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಮೊದಲೇ ಟಿ.ವಿ. ಹಾಕಿದ್ದೆ. ಜಾಹೀರಾತು ಮುಗಿದದ್ದೇ ತಡ, ನೇರವಾಗಿ ಕಥೆಯೇ ಶುರು. ಆ ರಾಗವಿಲ್ಲ, ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳಿಲ್ಲ, ಒಂದೇ ಒಂದು ಹೆಸರಿಲ್ಲ. ಕೊನೆಯಲ್ಲಾದರೂ ಬಂದೀತೆಂದು ಕಾದರೆ, ಹೆಸರುಗಳನ್ನು ಇರುವೆ ಸಾಲಿನಂತೆ ಪರದೆಯ ಮೂಲೆಗೆ ಒತ್ತಿ, ಮುಂದಿನ ಕಾರ್ಯಕ್ರಮದ ಡಂಗುರ ಸಾರಿದರು.

ಇಷ್ಟಕ್ಕೆಲ್ಲ ಪತ್ರವೇ ಎಂದು ನಗುವವರು ನಗಲಿ. 1987ರಲ್ಲಿ ಶಿವಮೊಗ್ಗದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಎಲ್. ವೈದ್ಯನಾಥನ್ ಅವರ ‘ತಾನನ ನಾನಾ’ ಕೇಳಿಸಿತೆಂದರೆ ನನ್ನ ಹೆಂಡತಿ ಒಲೆಯ ಮೇಲಿನ ಹಾಲನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಎದುರು ಮನೆಗೆ ಧಾವಿಸುತ್ತಿದ್ದಳು. ಅಷ್ಟರಲ್ಲಿ ಆ ಮನೆಯ ಹುಡುಗ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು. ‘ಈಗ ಬಂತೇ?’ ಎಂದು ಅವನು ಮೇಲಿನಿಂದ, ‘ಬಂತು, ಬಂತು, ಅಯ್ಯೋ ಹೋಯಿತು’ ಎಂದು ನಾವು ಕೆಳಗಿನಿಂದ. ಚಿತ್ರ ಸರಿಯಾಗಿದೆಯೇ ಎಂದು ನಾವು ನೋಡುತ್ತಿದ್ದದ್ದು ಆ ಹೆಸರುಗಳ ಅಕ್ಷರಗಳನ್ನೇ. ನಿರ್ಮಾಪಕ ಟಿ.ಎಸ್. ನರಸಿಂಹನ್ ಆಗಲಿ, ಕಲಾ ನಿರ್ದೇಶಕ ಜಾನ್ ದೇವರಾಜ್ ಆಗಲಿ ನಮಗೆ ಬಾಯಿಪಾಠವಾದದ್ದು ಹೀಗೆ. ನಿರ್ದೇಶಕ ಶಂಕರ್ ನಾಗ್ ಹೆಸರು ಮಸುಕಿಲ್ಲದೆ ಬಂದರೆ ಹುಡುಗನಿಗೆ ಕೆಳಗಿಳಿಯಲು ಅಪ್ಪಣೆ.

ಧಾರಾವಾಹಿ ಇದ್ದದ್ದು ಹಿಂದಿಯಲ್ಲಿ. ಜಗಲಿ, ಅಡಿಕೆ ತೋಟ, ಜಿಟಿಜಿಟಿ ಮಳೆ ಎಲ್ಲವೂ ನಮ್ಮ ಆಗುಂಬೆಯವು. ಮಾತು ಮಾತ್ರ ಪರದೇಶದ್ದು. ಕಥೆಯ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ಗದರಿದರೆ, ಪಕ್ಕದ ಮನೆಯ ಅಜ್ಜಿ ಅದನ್ನು ತನ್ನದೇ ಕನ್ನಡಕ್ಕೆ ತಿರುಗಿಸಿ ಇನ್ನೂ ಎರಡು ಬೈಗುಳ ಸೇರಿಸುತ್ತಿದ್ದರು. ಬಹಳ ವರ್ಷಗಳ ನಂತರ ಕನ್ನಡದಲ್ಲೂ ಬಂತು. ನೋಡಿದೆ, ಸಂತೋಷವೇ. ಆದರೂ ಅಜ್ಜಿಯ ಅನುವಾದವೇ ಸೊಗಸಾಗಿತ್ತು.

ನಾನು ಅಂಚೆ ಇಲಾಖೆಯಲ್ಲಿದ್ದವನು. ಆದ್ದರಿಂದ ಪೋಸ್ಟ್‌ಮ್ಯಾನ್ ತಾನಪ್ಪನ ಕಥೆಯ ಮೇಲೆ ನನಗೆ ಒಂದು ತೂಕ ಹೆಚ್ಚು ಪ್ರೀತಿ. ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ತಂತಿಯನ್ನು (ಟೆಲಿಗ್ರಾಂ) ಚೀಲದಲ್ಲೇ ಇಟ್ಟುಕೊಳ್ಳುತ್ತಾನಲ್ಲ, ಇಲಾಖೆಯ ಕಣ್ಣಿನಲ್ಲಿ ಅದು ತಪ್ಪು, ನೌಕರಿಗೇ ಸಂಚಕಾರ. ಆದರೆ ಮರುದಿನ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದ ನಮ್ಮಲ್ಲಿ ಒಬ್ಬರೂ ಅವನನ್ನು ಬೈಯಲಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಇನ್ನೂ 35 ವರ್ಷ. ಅದಾದ ಮೇಲೆ ಧಾರಾವಾಹಿ ಎಲ್ಲೇ ಮರಳಿ ಬಂದರೂ, ಅವರ ಹೆಸರು ಮೂಡುವ ಹೊತ್ತಿಗೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು.

ಭಾನುವಾರ ಮೊಮ್ಮಗಳು ‘ಅಜ್ಜಾ, ಇದನ್ನು ಮಾಡಿದವರು ಯಾರು?’ ಎಂದಳು. ಹೇಳಿದೆ. ‘ಎಲ್ಲಿ ಬರೆದಿದ್ದಾರೆ?’ ಎಂದು ಕೇಳಿದಳು. ತೋರಿಸಲು ಏನೂ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಒಂದೇ ಸಾಬೂನಿನ ಜಾಹೀರಾತು ನಾಲ್ಕು ಸಲ ಬಂತು. ಅದರಲ್ಲಿ ಎರಡನ್ನು ಬಿಟ್ಟು, ಆ ಜಾಗದಲ್ಲಿ ಮೊದಲಿನ ರಾಗವನ್ನೂ ಹೆಸರುಗಳನ್ನೂ ಪೂರ್ತಿಯಾಗಿ ಹಾಕಬೇಕೆಂದು ವಾಹಿನಿಯವರಲ್ಲಿ ಕೋರುತ್ತೇನೆ. ಮುಂದಿನ ಭಾನುವಾರವೂ ನಾವಿಬ್ಬರು ಹತ್ತು ನಿಮಿಷ ಮೊದಲೇ ಕುಳಿತಿರುತ್ತೇವೆ.

– ನಿವೃತ್ತ ಅಂಚೆ ನೌಕರ, ಶಿವಮೊಗ್ಗ